ಅಗೋಚರ ಜನರಿಗೆ ಬಹಿರಂಗ ಆಹ್ವಾನ



ಲೋಕಾರೋಗ್ಯಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಪ್ರತಿವರ್ಷವೂ ವೈದ್ಯರಲ್ಲದವರ ಮುಂದೆ ವಿಚಾರಕ್ಕೆ ಇಡತಕ್ಕದ್ದೆಂದು ಈ ಉಪನ್ಯಾಸ ದತ್ತಿಯ ಸ್ಥಾಪಕರು ವಿಧಿಸಿರುವುದರಿಂದ, ಸಭ್ಯರ ಕೂಟಗಳಲ್ಲಿ ಇಂದಿಗೂ ಧ್ವನಿ ತಗ್ಗಿಸಿ ಆಡಲ್ಪಡುವ ಎಚ್‌ಐವಿ ಮತ್ತು ಲೈಂಗಿಕ ಆರೋಗ್ಯದ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕಾಗಿ ಕ್ಷಮೆ ಯಾಚಿಸುವ ಕಾರಣ ಕಾಣಲಿಲ್ಲ. ರೋಗದ ಸ್ವರೂಪವನ್ನಾಗಲಿ ಔಷಧಗಳ ಗುಣದೋಷಗಳನ್ನಾಗಲಿ ವಿವರಿಸುವುದು ನನ್ನ ಉದ್ದೇಶವಲ್ಲ. ಅದಕ್ಕೆ ನನಗಿಂತ ಅಧಿಕಾರಿಗಳಾದವರು ಈ ಸಭೆಯಲ್ಲಿಯೇ ಇದ್ದಾರೆ. ಒಂದು ಸೇವೆಯನ್ನು ಯಾರಿಗಾಗಿ ಏರ್ಪಡಿಸಿದೆಯೋ ಅವರ ಬುದ್ಧಿಯನ್ನು ಆ ಸೇವೆಯ ರಚನೆಯಲ್ಲಿ ಹೇಗೆ ತೊಡಗಿಸಬಹುದು, ತೊಡಗಿಸಿದಾಗ ಏನು ಸಂಭವಿಸಿತು ಎಂಬುದಷ್ಟೇ ಈ ಹೊತ್ತಿನ ನನ್ನ ಪ್ರಸ್ತಾವ. ಕ್ರೌಡ್‌ಸೋರ್ಸಿಂಗ್ ಎಂದು ಈಚೆಗೆ ಹೆಸರು ಪಡೆದಿರುವ ಈ ಪದ್ಧತಿಯನ್ನು ನಾನು ‘ಬಹಿರಂಗ ಆಹ್ವಾನ’ವೆಂದು ಕರೆಯುತ್ತೇನೆ.

ಮೊದಲು ಪರಿಸ್ಥಿತಿಯನ್ನು ಕುರಿತು ನಾಲ್ಕು ಮಾತು. 1986ರಲ್ಲಿ ಆಗಿನ ಮದರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಅವರೂ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರೂ ಈ ದೇಶದಲ್ಲಿ ಈ ಸೋಂಕನ್ನು ಪ್ರಥಮವಾಗಿ ಗುರುತಿಸಿದಾಗ ವೈದ್ಯನ ಕೈಯಲ್ಲಿ ಸಾಂತ್ವನದ ಹೊರತು ಹೆಚ್ಚಿನದೇನೂ ಇರಲಿಲ್ಲ. ಹತ್ತು ವರ್ಷಗಳ ತರುವಾಯ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದಿತು. 2004ರ ಏಪ್ರಿಲ್‌ನಿಂದ ನಮ್ಮ ಸರಕಾರವೂ ಅದನ್ನು ಉಚಿತವಾಗಿ ಕೊಡತೊಡಗಿತು. ಔಷಧವನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಕ್ಕದಷ್ಟು ಕುಗ್ಗಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಮತ್ತೊಬ್ಬರಿಗೆ ದಾಟುವುದಿಲ್ಲವೆಂಬುದೂ ಈಗ ಸಂದೇಹಾತೀತವಾಗಿದೆ. ಹೀಗೆ ವಿಜ್ಞಾನವು ತನ್ನ ಪಾಲಿನ ಕಾರ್ಯವನ್ನು ಬಹುಮಟ್ಟಿಗೆ ನೆರವೇರಿಸಿರುವಾಗಲೂ, ತನಗೆ ಸೋಂಕಿದೆಯೇ ಇಲ್ಲವೇ ಎಂಬುದನ್ನೇ ತಿಳಿಯದ ಜನರು ಪ್ರತಿಯೊಂದು ದೇಶದಲ್ಲಿಯೂ ಉಳಿದಿದ್ದಾರೆ. ಪರೀಕ್ಷಾಲಯದ ಹೊಸ್ತಿಲಿಗೂ ಆ ಮನುಷ್ಯನ ಕಾಲಿಗೂ ನಡುವೆ ಇರುವ ಅಂತರವು ಮೈಲಿಗಳಲ್ಲಿ ಅಳೆಯುವಂಥದಲ್ಲ. ಸರದಿಯಲ್ಲಿ ನೆರೆಮನೆಯವರು ಕಂಡರೆ ಏನು ಗತಿ, ಕೌನ್ಸೆಲರು ಯಾವ ಮುಖದಿಂದ ಪ್ರಶ್ನೆ ಕೇಳುವರೋ, ಅರ್ಧ ದಿನದ ಕೂಲಿ ಹೋದರೆ ರಾತ್ರಿಗೆ ಏನು ಎಂಬಿವೇ ಮೊದಲಾದ ಶಂಕೆಗಳಿಂದ ಆ ಅಂತರವು ನಿರ್ಮಿತವಾಗಿದೆ. ಅದರ ವಿಷಯದಲ್ಲಿ ವೈದ್ಯನಿಗಿಂತ ಆ ಮನುಷ್ಯನೇ ಹೆಚ್ಚು ಬಲ್ಲ.

ಬಲ್ಲವನನ್ನು ಕೇಳಿದರಾಯಿತಲ್ಲವೇ ಎಂದು ಯಾರಾದರೂ ಹೇಳಬಹುದು. ಬಹಿರಂಗ ಆಹ್ವಾನದ ಕ್ರಮವೂ ಹೊರನೋಟಕ್ಕೆ ಅಷ್ಟೇ ಸರಳ: ಒಂದು ಸಮಸ್ಯೆಯನ್ನು ಸರ್ವರಿಗೂ ತಿಳಿಯುವಂತೆ ಸಾರಿ, ಯಾರು ಬೇಕಾದರೂ ಪರಿಹಾರವನ್ನು ಸೂಚಿಸಬಹುದೆಂದು ಕರೆದು, ಬಂದ ಸೂಚನೆಗಳನ್ನು ಒಂದು ಮಂಡಲಿಯ ಮುಂದಿಟ್ಟು, ಉತ್ತಮವಾದುದಕ್ಕೆ ಬಹುಮಾನವಿತ್ತು, ಅನಂತರ ಅದನ್ನು ಕಾರ್ಯರೂಪಕ್ಕೆ ತರುವುದು. ಸಮುದ್ರದ ಮೇಲೆ ರೇಖಾಂಶವನ್ನು ಕಂಡುಹಿಡಿಯುವ ಉಪಾಯಕ್ಕಾಗಿ ಬ್ರಿಟನ್ನಿನ ಪಾರ್ಲಿಮೆಂಟು 1714ರಲ್ಲಿ ಬಹುಮಾನ ಸಾರಿದಾಗ, ಖಗೋಳಜ್ಞರೆಲ್ಲ ಆಕಾಶವನ್ನು ನೋಡುತ್ತಿದ್ದಂತೆಯೇ ಜಾನ್ ಹ್ಯಾರಿಸನ್ ಎಂಬ ಬಡಗಿ ಗಡಿಯಾರವೊಂದನ್ನು ಮಾಡಿ ಸಮಸ್ಯೆಯನ್ನು ಬಿಡಿಸಿದನು. (ಅವನಿಗೆ ಹಣ ಸಲ್ಲುವುದಕ್ಕೆ ಮುದಿತನದವರೆಗೆ ಹೋರಾಡಬೇಕಾಯಿತೆಂಬುದನ್ನು ಈ ಪದ್ಧತಿಯ ಪ್ರಶಂಸಕರು ಸಾಮಾನ್ಯವಾಗಿ ಮರೆಯುತ್ತಾರೆ.) ಆದರೆ ಹ್ಯಾರಿಸನ್ನನಿಗೆ ತನ್ನ ಹೆಸರನ್ನು ಮರೆಮಾಡಬೇಕಾದ ಕಾರಣವಿರಲಿಲ್ಲ. ನಮ್ಮ ಪ್ರಸ್ತುತ ವಿಷಯದಲ್ಲಾದರೋ, ಯಾರನ್ನು ಕರೆಯಬೇಕಾಗಿದೆಯೋ ಅವರು ಕರೆಗೆ ಓಗೊಟ್ಟ ಕ್ಷಣದಲ್ಲಿಯೇ ಬಯಲಿಗೆ ಬೀಳುವ ಭಯವುಳ್ಳವರು. ಗುಂಪಿನ ಬುದ್ಧಿಯನ್ನು ಬೇಡುವ ಒಂದು ಪದ್ಧತಿಯನ್ನು, ಗುಂಪಾಗಿ ನಿಲ್ಲಲು ಧೈರ್ಯ ಸಾಲದವರಿಗೆ ಅನ್ವಯಿಸುವುದು ಹೇಗೆ? ಈ ವಿರೋಧಾಭಾಸವನ್ನು ಎಲ್ಲೆಲ್ಲಿ ಗಂಭೀರವಾಗಿ ಪರಿಗಣಿಸಿದರೋ ಅಲ್ಲಲ್ಲಿ ಮಾತ್ರ ಪದ್ಧತಿಯು ಫಲವನ್ನು ಕೊಟ್ಟಿತೆಂಬುದೇ ನನ್ನ ಪ್ರತಿಪಾದನೆ.

ಇದಕ್ಕೊಂದು ಪೂರ್ವಚರಿತ್ರೆಯೂ ಇದೆ. 1983ರಲ್ಲಿ, ಅಮೆರಿಕದ ಡೆನ್ವರ್ ನಗರದಲ್ಲಿ ನೆರೆದ ಆರೋಗ್ಯ ಸಮ್ಮೇಳನವೊಂದರಲ್ಲಿ ಏಡ್ಸ್ ಪೀಡಿತರಾದ ಕೆಲವರು ವೇದಿಕೆಯನ್ನೇರಿ, ತಮ್ಮನ್ನು ‘ಬಲಿಪಶು’ಗಳೆಂದು ಕರೆಯಕೂಡದು, ತಮ್ಮನ್ನು ಕುರಿತು ನಿರ್ಣಯ ಕೈಗೊಳ್ಳುವ ಪ್ರತಿಯೊಂದು ಸಮಿತಿಯಲ್ಲಿಯೂ ತಮಗೆ ಸ್ಥಾನವಿರತಕ್ಕದ್ದು ಎಂದು ಘೋಷಿಸಿದರು. ವೈರಸ್ಸೇ ಆಗತಾನೆ ಕಣ್ಣಿಗೆ ಬಿದ್ದಿದ್ದ ಕಾಲದಲ್ಲಿ, ಸಾವು ಸಮೀಪದಲ್ಲಿದ್ದವರು ಆಡಿದ ಮಾತು ಅದು. ಇಂದು ನಾವು ಹೊಸ ಉಪಾಯವೆಂದು ಕೊಂಡಾಡುವುದಕ್ಕೆ ಬೇಕಾದ ನೈತಿಕ ಆಧಾರವೆಲ್ಲವೂ ಆ ಘೋಷಣೆಯಲ್ಲಿಯೇ ಇದೆ.

ಈಗ ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರಕ್ಕೆ ಹೋಗೋಣ. ಆ ದೇಶದಲ್ಲಿ ಸಲಿಂಗ ಸಂಬಂಧವು ದಂಡನೀಯವಲ್ಲವೆಂದಾದುದು 1997ರಲ್ಲಿ. ಮನೋರೋಗಗಳ ಪಟ್ಟಿಯಿಂದ ಅದನ್ನು ತೆಗೆದದ್ದು 2001ರಲ್ಲಿ. ಕಾನೂನು ಸಡಿಲಗೊಂಡ ಮಾತ್ರಕ್ಕೆ ಮನೆಯೊಳಗಿನ ಕಟ್ಟು ಸಡಿಲಗೊಳ್ಳುವುದಿಲ್ಲವೆಂಬುದನ್ನು, ಸಲಿಂಗ ಸಂಬಂಧವು ಅಪರಾಧವಲ್ಲವೆಂದ 2018ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟಿನ ತೀರ್ಪಿನ ನಂತರದ ನಮ್ಮ ಅನುಭವದಿಂದ ನಾವೂ ಬಲ್ಲೆವು. ಅಲ್ಲಿ ಪುರುಷರೊಡನೆ ಸಂಪರ್ಕವುಳ್ಳ ಅನೇಕ ಪುರುಷರು ತಂದೆತಾಯಿಗಳ ಒತ್ತಾಯಕ್ಕೆ ಮಣಿದು ವಿವಾಹಿತರಾಗಿ, ಪರೀಕ್ಷಾಕೇಂದ್ರದ ಬಳಿ ಸುಳಿಯಲೂ ಅಂಜುತ್ತಿದ್ದರು. ಸರಕಾರದ ಭಿತ್ತಿಪತ್ರಗಳು ಭಯಾನಕವಾಗಿದ್ದವೇ ಹೊರತು ಆತ್ಮೀಯವಾಗಿರಲಿಲ್ಲ. ಹೀಗಿರಲು, ಜೋಸೆಫ್ ಟಕರ್ ಎಂಬ ವೈದ್ಯರೂ ವೈಮಿಂಗ್ ಟಾಂಗ್ ಮೊದಲಾದ ಅವರ ಚೀನೀ ಸಹೋದ್ಯೋಗಿಗಳೂ ಅಲ್ಲಿಯ ಚರ್ಮರೋಗ ಮತ್ತು ಲೈಂಗಿಕ ರೋಗಗಳ ಸಂಸ್ಥೆಯೊಡನೆ ಕೂಡಿ ಕಟ್ಟಿದ ‘ಸೆಶ್’ ಎಂಬ ತಂಡವು, ಪರೀಕ್ಷೆಗೆ ಪ್ರೇರೇಪಿಸುವ ಒಂದು ನಿಮಿಷದ ಚಿತ್ರವನ್ನು ಯಾರು ಬೇಕಾದರೂ ಮಾಡಿ ಕಳುಹಿಸಬಹುದೆಂದು ಸಾರಿತು. ಬಂದುದರಲ್ಲಿ ಗೆದ್ದ ಚಿತ್ರವನ್ನೂ, ಆರೋಗ್ಯಪ್ರಚಾರವನ್ನೇ ವೃತ್ತಿಯಾಗಿ ಉಳ್ಳವರು ತಯಾರಿಸಿದ ಇನ್ನೊಂದು ಚಿತ್ರವನ್ನೂ ಹಿಡಿದು, ಔಷಧಗಳನ್ನು ಒರೆಗೆ ಹಚ್ಚುವ ರೀತಿಯಲ್ಲಿಯೇ ಹೋಲಿಸಿದರು: 721 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಇದನ್ನೂ ಮತ್ತೊಂದಕ್ಕೆ ಅದನ್ನೂ ತೋರಿಸಿ, ಕೆಲವು ವಾರಗಳಾದ ಮೇಲೆ ಯಾರು ಪರೀಕ್ಷೆ ಮಾಡಿಸಿಕೊಂಡರೆಂದು ವಿಚಾರಿಸಿದರು. ಜನರ ಚಿತ್ರವನ್ನು ಕಂಡವರಲ್ಲಿ ಶೇ. 37, ವೃತ್ತಿಪರರ ಚಿತ್ರವನ್ನು ಕಂಡವರಲ್ಲಿ ಶೇ. 35. ಈ ಫಲಿತಾಂಶವು 2016ರಲ್ಲಿ ಪ್ರಕಟವಾಯಿತು.

ಇದನ್ನು ವಿಜಯವೆಂದು ಸಾರುವ ಉತ್ಸಾಹ ನನಗಿಲ್ಲ. ಸಂಖ್ಯಾಶಾಸ್ತ್ರದ ಮರ್ಯಾದೆಯಂತೆ ಹೇಳುವುದಾದರೆ ಎರಡು ಚಿತ್ರಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಅಷ್ಟೇ. ಖರ್ಚು ಮಾತ್ರ ಕಡಿಮೆಯಾಗಿತ್ತು. ಆದರೂ ಆ ‘ಅಷ್ಟೇ’ ಎಂಬುದು ಅಲ್ಪವೇನಲ್ಲ; ಏಕೆಂದರೆ ತರಬೇತಿಯಾಗಲಿ ಸಂಬಳವಾಗಲಿ ಇಲ್ಲದ ಜನರು ವೃತ್ತಿಯವರ ಸಮಕ್ಕೆ ನಿಂತರೆಂದ ಮೇಲೆ, ವೃತ್ತಿಯವರು ಇದುವರೆಗೆ ಯಾವ ಆಧಾರದ ಮೇಲೆ ಅವರನ್ನು ಕೇಳದೆ ಬಿಟ್ಟಿದ್ದರೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಹೆಚ್ಚು ಬೋಧಪ್ರದವಾದದ್ದು ಅದರ ಮುಂದಿನ ಪ್ರಯೋಗ. ಗ್ವಾಂಗ್‌ಡಾಂಗ್ ಮತ್ತು ಶಾಂಡಾಂಗ್ ಪ್ರಾಂತಗಳ ಎಂಟು ನಗರಗಳನ್ನು ಆರಿಸಿ, ಒಂದು ಚಿತ್ರಕ್ಕೆ ಮಾತ್ರವಲ್ಲದೆ ಇಡೀ ಸೇವೆಯ ವಿನ್ಯಾಸಕ್ಕೇ ಆಹ್ವಾನವನ್ನು ವಿಸ್ತರಿಸಿದರು. ದೇಶದಾದ್ಯಂತ ಚಿತ್ರಗಳಿಗಾಗಿ ಒಂದು ಸ್ಪರ್ಧೆ. ಆಯಾ ನಗರದ ಜನರೇ ತಮ್ಮ ಮಾತಿನಲ್ಲಿ ಸಂದೇಶಗಳನ್ನು ರಚಿಸುವುದಕ್ಕೆ ಇನ್ನೊಂದು. ಇವೆರಡಕ್ಕೂ ಮಿಗಿಲಾಗಿ, ಸಮುದಾಯದ ಯುವಕರೂ ಚಿತ್ರಕಾರರೂ ಕಂಪ್ಯೂಟರ್ ಬಲ್ಲವರೂ ಆರೋಗ್ಯ ಕಾರ್ಯಕರ್ತರೂ ತಂಡತಂಡಗಳಾಗಿ ಕುಳಿತು ಒಂದೊಂದು ಸಮಗ್ರ ಯೋಜನೆಯನ್ನು ಕಟ್ಟಿ ತೀರ್ಪುಗಾರರ ಮುಂದಿಡುವ ‘ಡಿಸೈನಥಾನ್’ ಎಂಬ ಕೂಟ. ಹೀಗೆ ಸಿದ್ಧವಾದ ಕಾರ್ಯಕ್ರಮವನ್ನು ಎಂಟು ನಗರಗಳಿಗೂ ಏಕಕಾಲದಲ್ಲಿ ಕೊಡದೆ, ಸರದಿಯಂತೆ ಹಂತಹಂತವಾಗಿ ಕೊಟ್ಟು, ಕೊಟ್ಟ ನಗರವನ್ನು ಇನ್ನೂ ಕೊಡದ ನಗರದೊಡನೆ ಹೋಲಿಸುತ್ತ ಹೋದರು. ಕೊನೆಗೆ ಯಾವ ನಗರವೂ ಪ್ರಯೋಜನದಿಂದ ವಂಚಿತವಾಗಲಿಲ್ಲ. 1,381 ಮಂದಿ ಈ ಪ್ರಯೋಗಕ್ಕೆ ಒಳಪಟ್ಟರು. ಕಾರ್ಯಕ್ರಮ ಜಾರಿಯಲ್ಲಿದ್ದ ಕಾಲದಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡವರ ಪ್ರಮಾಣವು ನೂರಕ್ಕೆ 8.9ರಷ್ಟು ಅಧಿಕವಾಗಿ ಕಂಡಿತು.

ಈ ಹೆಚ್ಚಳವು ಎಲ್ಲಿಂದ ಬಂದಿತೆಂದು ಪರಿಶೀಲಿಸಿದಾಗ ಹೊರಬಿದ್ದ ಸಂಗತಿಯನ್ನು ನೀವು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇನೆ. ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡವರ ಸಂಖ್ಯೆ ಹೆಚ್ಚಲೇ ಇಲ್ಲ. ಹೆಚ್ಚಿದ್ದು ಮನೆಯಲ್ಲಿಯೇ ತಾವೇ ಮಾಡಿಕೊಳ್ಳುವ ಸ್ವಯಂಪರೀಕ್ಷೆ, ಅದೂ ಸರಿಸುಮಾರು ಎರಡರಷ್ಟು. ದಕ್ಷಿಣ ಚೀನಾದ ಸಮುದಾಯ ಸಂಘಗಳು ಅಷ್ಟರಲ್ಲಿಯೇ ಒಂದು ಜಾಣ ಏರ್ಪಾಡನ್ನು ಬಳಕೆಗೆ ತಂದಿದ್ದವು: ಒಂದಿಷ್ಟು ಹಣವನ್ನು ಠೇವಣಿಯಾಗಿ ಇಟ್ಟವರಿಗೆ ಪರೀಕ್ಷಾ ಕಿಟ್ಟು ಅಂಚೆಯಲ್ಲಿ ಬರುವುದು, ಫಲಿತಾಂಶದ ಛಾಯಾಚಿತ್ರವನ್ನು ಕಳುಹಿಸಿದೊಡನೆ ಠೇವಣಿ ಹಿಂದಿರುಗುವುದು, ಸೋಂಕು ಕಂಡುಬಂದವರಿಗೆ ಮುಂದಿನ ದಾರಿಯನ್ನು ಸಂಘದವರು ತೋರಿಸುವರು. ಜನರನ್ನು ಆಸ್ಪತ್ರೆಗೆ ಕರೆತರುವುದು ಹೇಗೆ ಎಂಬುದು ಅಧಿಕಾರಿಗಳ ಮನಸ್ಸಿನಲ್ಲಿದ್ದ ಪ್ರಶ್ನೆ. ಆಸ್ಪತ್ರೆಗೆ ಕರೆಯಬೇಡಿ ಎಂಬುದು ಜನರು ಕೊಟ್ಟ ಉತ್ತರ. ತಜ್ಞನು ತನ್ನ ಕಟ್ಟಡವನ್ನೂ ತನ್ನ ಮೇಜನ್ನೂ ಸ್ಥಿರವೆಂದು ಭಾವಿಸಿ ಉಳಿದುದನ್ನೆಲ್ಲ ಚರವೆಂದು ಎಣಿಸುತ್ತಾನೆ. ಸಮುದಾಯವು ಲೆಕ್ಕವನ್ನು ತಲೆಕೆಳಗು ಮಾಡಿತು. ಬಹಿರಂಗ ಆಹ್ವಾನದ ನಿಜವಾದ ಮಹತ್ತ್ವ ಇಲ್ಲಿದೆಯೇ ಹೊರತು ಸೊಗಸಾದ ಘೋಷವಾಕ್ಯಗಳಲ್ಲಿಲ್ಲ.

ಅದೇ ಗ್ವಾಂಗ್‌ಝೌದಲ್ಲಿ ಹುಟ್ಟಿದ ಇನ್ನೊಂದು ಉಪಾಯವನ್ನು, ಈ ದತ್ತಿಯ ಸಭೆಯಲ್ಲಿ ಹೇಳದೆ ಬಿಡಲಾರೆ. ಗೊನೋರಿಯಾ ಮತ್ತು ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕುಗಳ ಪರೀಕ್ಷೆಗೆ ಬಂದವನಿಗೆ, ‘ನಿಮಗಿಂತ ಮೊದಲು ಬಂದವರು ನಿಮ್ಮ ಪರೀಕ್ಷೆಯ ವೆಚ್ಚವನ್ನು ಕೊಟ್ಟು ಹೋಗಿದ್ದಾರೆ, ನಿಮ್ಮ ನಂತರ ಬರುವವರಿಗಾಗಿ ನೀವು ಇಷ್ಟವಿದ್ದಷ್ಟನ್ನು ಕೊಡಬಹುದು, ಕೊಡದೆಯೂ ಇರಬಹುದು’ ಎಂದು ಹೇಳುವುದು. ಗ್ವಾಂಗ್‌ಝೌ ಮತ್ತು ಬೀಜಿಂಗ್ ನಗರಗಳಲ್ಲಿ 301 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ, ನಿಗದಿಯಾದ ಶುಲ್ಕವನ್ನು ಕೇಳಿದಾಗ ಐವರಲ್ಲಿ ಒಬ್ಬನೂ ಪರೀಕ್ಷೆಗೆ ಒಪ್ಪಲಿಲ್ಲ. ಈ ಕ್ರಮದಲ್ಲಿ ಕೇಳಿದಾಗ ಅರ್ಧಕ್ಕೂ ಮಿಕ್ಕಿ ಜನರು ಒಪ್ಪಿದರು. ಮುಖವನ್ನೇ ಕಾಣದ ಒಬ್ಬನಿಂದ ಪಡೆದು ಮುಖವನ್ನೇ ಕಾಣದ ಇನ್ನೊಬ್ಬನಿಗೆ ಕೊಡುವ ಈ ವ್ಯವಹಾರವು, ಅರವಟ್ಟಿಗೆಯಿಟ್ಟವರ ನಾಡಿನಲ್ಲಿ ಹುಟ್ಟಿದ ನಮಗೆ ಅಪರಿಚಿತವಾಗಿ ತೋರದು. ಕಳಂಕಭಯದಿಂದ ಒಬ್ಬೊಬ್ಬನೇ ಆಗಿ ಬಿಟ್ಟಿದ್ದವರಿಗೆ, ತಾವು ಒಂದು ಸಮುದಾಯದವರೆಂಬ ಅರಿವನ್ನು ಹೆಸರು ಕೇಳದೆಯೇ ಉಂಟುಮಾಡುವುದು ಅದರ ವಿಶೇಷ. 2020ರ ಜನವರಿಯಲ್ಲಿ ವೂಹಾನ್ ನಗರವನ್ನು ಮುಚ್ಚಿದಾಗ, ಔಷಧ ಮುಗಿದು ಕಂಗೆಟ್ಟ ಎಚ್‌ಐವಿ ಸೋಂಕಿತರಿಗೆ ಮಾತ್ರೆಗಳನ್ನು ತಲಪಿಸಲು ಅಲ್ಲಿಯ ಸಲಿಂಗಿ ಸಮುದಾಯದ ಸ್ವಯಂಸೇವಕರೇ ಮುಂದಾದರು. ಸಂಕಟದಲ್ಲಿ ಕೆಲಸಕ್ಕೆ ಬಂದದ್ದು ಇಂಥ ಅದೃಶ್ಯ ಬಾಂಧವ್ಯವೇ.

ನೈಜೀರಿಯಾದ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಜೂಲಿಯೆಟ್ ಇವೆಲುನ್‌ಮೋರ್ ಮತ್ತು ಆಲಿವರ್ ಎಜೆಚಿ ಎಂಬ ವಿದ್ವಾಂಸರ ಮುಂದಾಳುತನದಲ್ಲಿ, ‘ಯುವಜನರಿಂದ ಯುವಜನರಿಗೆ’ ಎಂಬ ಧ್ಯೇಯದಿಂದ, ಹದಿನಾಲ್ಕರಿಂದ ಇಪ್ಪತ್ತನಾಲ್ಕು ವಯಸ್ಸಿನವರಲ್ಲಿ ಸ್ವಯಂಪರೀಕ್ಷೆಯನ್ನು ಹರಡುವ ಉಪಾಯಗಳಿಗೆ 2018ರ ಸುಮಾರಿಗೆ ಆಹ್ವಾನ ಹೊರಟಿತು. ಅಲ್ಲಿ ನನಗೆ ಮೆಚ್ಚಿಕೆಯಾದದ್ದು ಒಂದೇ: ಗೆದ್ದವರಿಗೆ ಬಹುಮಾನವನ್ನು ಕೊಟ್ಟು ಛಾಯಾಚಿತ್ರ ತೆಗೆಸಿ ಬೀಳ್ಕೊಡದೆ, ಅವರಿಗೆ ಕೆಲವು ವಾರಗಳ ಶಿಕ್ಷಣವನ್ನೂ ಅನಂತರ ಸ್ವಲ್ಪ ಹಣವನ್ನೂ ಒದಗಿಸಿ, ತಮ್ಮ ಉಪಾಯವನ್ನು ತಮ್ಮ ಊರಿನಲ್ಲಿ ತಾವೇ ಆಚರಿಸಿ ನೋಡುವಂತೆ ಮಾಡಿದರು. ಸಲಹೆ ಕೊಡುವವನೂ ಕೆಲಸ ಮಾಡುವವನೂ ಒಬ್ಬನೇ ಆದಾಗ ಸಲಹೆಗಳು ಬಹಳ ಬೇಗ ನೆಲಕ್ಕಿಳಿಯುತ್ತವೆ.

ಇಷ್ಟು ದೂರ ಹೋಗಿಬಂದ ಮೇಲೆ ನಮ್ಮ ನಾಡಿನ ಮಾತನ್ನು ಎತ್ತುವುದು ಅಭಿಮಾನಕ್ಕಾಗಿ ಅಲ್ಲ. ಈ ಪದ್ಧತಿಗೆ ಅದರ ಈಗಿನ ಹೆಸರೇ ಹುಟ್ಟದಿದ್ದ ದಿನಗಳಲ್ಲಿ, ಮೈಸೂರಿನಲ್ಲಿ ಅದರ ಸಾರಾಂಶವು ಆಚರಣೆಯಲ್ಲಿತ್ತು. 2004ರಲ್ಲಿ ಡಾ. ಸುಶೇನಾ ರೆಜಾ ಪಾಲ್ ಮತ್ತು ಅವರ ಸಂಗಡಿಗರು ಅಲ್ಲಿಯ ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸವನ್ನು ಆರಂಭಿಸಿದಾಗ, ಮೈಸೂರಿನಲ್ಲಿ ವೇಶ್ಯಾಗೃಹಗಳ ಬೀದಿಯೆಂಬುದು ಇರಲಿಲ್ಲ. ಬಸ್ ನಿಲ್ದಾಣದ ಆಸುಪಾಸಿನಲ್ಲಿ, ವೃತ್ತಗಳಲ್ಲಿ, ಲಾಡ್ಜುಗಳಲ್ಲಿ ಚದರಿಹೋಗಿದ್ದ ಈ ಮಹಿಳೆಯರನ್ನು ಹೊರಗಿನವರು ಗುರುತಿಸುವುದೇ ದುಸ್ಸಾಧ್ಯವಾಗಿತ್ತು. ಆದುದರಿಂದ ಆ ಮಹಿಳೆಯರೇ ನಗರದ ನಕ್ಷೆಯನ್ನು ಬರೆದರು: ಯಾವ ತಾಣದಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಮಂದಿ ಇರುವರು ಎಂಬುದನ್ನು ಅವರೇ ತುಂಬಿದರು. ನಿಮಗೇನು ಬೇಕು ಎಂದು ಕೇಳಿದಾಗ ಮೊದಲು ಬಂದ ಉತ್ತರದಲ್ಲಿ ಕಾಂಡೋಮಿನ ಹೆಸರೂ ಇರಲಿಲ್ಲ. ಪೋಲೀಸರ ಹೊಡೆತದಿಂದಲೂ ಗೂಂಡಾಗಳಿಂದಲೂ ರಕ್ಷಣೆ ಬೇಕು. ಹಗಲಿನಲ್ಲಿ ಸ್ನಾನ ಮಾಡಿ ಒಂದು ಗಳಿಗೆ ಮಲಗಲು ಜಾಗ ಬೇಕು. ಅವಮಾನ ಮಾಡದ ವೈದ್ಯರು ಬೇಕು. ಡ್ರಾಪ್-ಇನ್ ಸೆಂಟರೂ ಕ್ಲಿನಿಕ್ಕೂ, ಹೊಡೆತ ಬಿದ್ದಾಗ ಓಡಿಬರುವ ಸಂಗಾತಿಗಳ ಪಡೆಯೂ ಆ ಬೇಡಿಕೆಗಳಿಂದ ಹುಟ್ಟಿದವು. ಅವರದೇ ಸಂಸ್ಥೆಯಾದ ‘ಆಶೋದಯ ಸಮಿತಿ’ಯೂ ಅದರಿಂದಲೇ ಬೆಳೆಯಿತು. 2004ಕ್ಕೂ 2006ಕ್ಕೂ ನಡುವೆ ಆ ಮಹಿಳೆಯರಲ್ಲಿ ಸಿಫಿಲಿಸ್ ಶೇ. 25ರಿಂದ ಶೇ. 12ಕ್ಕೆ ಇಳಿಯಿತು, ಬಂದುಹೋಗುವ ಗಿರಾಕಿಗಳೊಡನೆ ಕಾಂಡೋಮ್ ಬಳಸಿದವರು ಶೇ. 65ರಿಂದ ಶೇ. 90ಕ್ಕೆ ಏರಿದರು. ಎಚ್‌ಐವಿ ಶೇ. 26ರಿಂದ ಶೇ. 24ಕ್ಕೆ ಮಾತ್ರ ಬಂದಿತು. ಗುಣವಾಗಿ ಮಾಯವಾಗದ ಸೋಂಕಿನ ವಿಷಯದಲ್ಲಿ ಎರಡು ವರ್ಷಕ್ಕೆ ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ನ್ಯಾಯವಲ್ಲ. ರಕ್ಷಣೆಯನ್ನು ಕೇಳಿದವರಿಗೆ ರಕ್ಷಣೆಯನ್ನು ಕೊಟ್ಟ ಮೇಲೆ ರೋಗವೂ ಇಳಿಯಿತು.

ಕರ್ನಾಟಕದಲ್ಲಿಯೇ ಈ ಕ್ಷೇತ್ರದ ಸಂಶೋಧಕರು ಬಳಸಿದ ‘ಮತಗಟ್ಟೆ ಸಮೀಕ್ಷೆ’ಯನ್ನು ನಾನು ಆರಂಭದಲ್ಲಿ ಎತ್ತಿದ ವಿರೋಧಾಭಾಸಕ್ಕೆ ದೊರೆತ ಅತ್ಯಂತ ಸುಂದರವಾದ ಪರಿಹಾರವೆಂದು ಎಣಿಸುತ್ತೇನೆ. ಹತ್ತು ಹನ್ನೆರಡು ಮಂದಿಯನ್ನು ಒಂದು ಕೋಣೆಯಲ್ಲಿ ಕೂರಿಸಿ, ಒಬ್ಬರಿಗೊಬ್ಬರು ಕಾಣದಂತೆ ಮರೆ ಕಟ್ಟಿ, ಪ್ರತಿಯೊಬ್ಬರ ಮುಂದೆಯೂ ಪೆಟ್ಟಿಗೆಗಳನ್ನೂ ಪ್ರಶ್ನೆಯ ಅಂಕಿಯುಳ್ಳ ಚೀಟಿಗಳನ್ನೂ ಇಡುವರು. ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಾಗ, ಹೌದೆನ್ನುವವರು ಒಂದಕ್ಕೂ ಅಲ್ಲವೆನ್ನುವವರು ಇನ್ನೊಂದಕ್ಕೂ ಚೀಟಿಯನ್ನು ಹಾಕುವರು. ಕೊನೆಗೆ ಎಲ್ಲ ಚೀಟಿಗಳನ್ನೂ ಒಟ್ಟಿಗೆ ಸುರಿದು ಎಣಿಸಿ, ಗುಂಪಿನ ಉತ್ತರವನ್ನು ಗುಂಪಿನ ಮುಂದೆಯೇ ಹೇಳಿ ಚರ್ಚಿಸುವರು. ಅಕ್ಷರ ಬಾರದವರೂ ಅಂಕಿಯನ್ನು ಗುರುತಿಸಬಲ್ಲರು. ಚುನಾವಣೆ ಕಂಡವರಿಗೆ ಗುಟ್ಟಿನ ಮತವೆಂದರೇನೆಂದು ವಿವರಿಸಬೇಕಾಗಿಲ್ಲ. ಮುಖಾಮುಖಿ ಸಂದರ್ಶನದಲ್ಲಿ ಜನರು ಒಪ್ಪಿಕೊಳ್ಳಲು ಹಿಂಜರಿದ ಎಷ್ಟೋ ಸಂಗತಿಗಳು ಈ ಕ್ರಮದಲ್ಲಿ ಹೆಚ್ಚಾಗಿ ಹೊರಬಂದವು. ಇಲ್ಲಿ ಗುಂಪೂ ಇದೆ, ಮರೆಯೂ ಇದೆ. ಇಂಟರ್‌ನೆಟ್ಟಿನ ಅಗತ್ಯವೇ ಇಲ್ಲ.

ಇನ್ನು ಆಕ್ಷೇಪಗಳು. ಫೋನನ್ನು ಆಧರಿಸಿದ ಆಹ್ವಾನಕ್ಕೆ ತರುಣರೂ ಓದಿದವರೂ ನಗರವಾಸಿಗಳೂ ಮುಂದಾಗುವರು. ಮನೆಗೆಲ್ಲ ಒಂದೇ ಫೋನಿರುವಲ್ಲಿ ಅದು ಯಾರ ಕೈಯಲ್ಲಿರುವುದೆಂಬುದು ನಿಮಗೆ ಗೊತ್ತಿದೆ, ಆದುದರಿಂದ ಬಾಗಲಕೋಟೆಯ ಒಬ್ಬ ವಿಧವೆಯ ಮಾತು ಆ ದಾರಿಯಲ್ಲಿ ಬರಲಾರದು. ಎರಡನೆಯದಾಗಿ, ಬಹುಮಾನವು ಒಬ್ಬನಿಗೆ ಸಲ್ಲುವಾಗ ಉಳಿದವರ ಶ್ರಮವೆಲ್ಲ ಪುಕ್ಕಟೆಯಾಗಿ ಸಂಸ್ಥೆಗೆ ಸೇರುತ್ತದೆ. ಬಡವರ ಬುದ್ಧಿಯನ್ನು ಅಗ್ಗಕ್ಕೆ ಕೊಳ್ಳುವ ಉಪಾಯವಾಗಿ ಇದು ಪರಿಣಮಿಸಬಾರದೆಂದರೆ, ಭಾಗವಹಿಸಿದವರಿಗೆಲ್ಲ ದಿನದ ಕೂಲಿಯನ್ನಾದರೂ ಕೊಡುವುದು ಯುಕ್ತ. ಮೂರನೆಯದು ಗೋಪ್ಯತೆ. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ನಮ್ಮ ಎಚ್‌ಐವಿ ಕಾಯಿದೆಯು, ಸಾಮಾನ್ಯವಾಗಿ ಒಪ್ಪಿಗೆಯಿಲ್ಲದೆ ಯಾರ ಸೋಂಕಿನ ಸ್ಥಿತಿಯನ್ನೂ ಹೊರಗೆಡಹಕೂಡದೆಂದು ವಿಧಿಸುತ್ತದೆ; ಹೆಸರು, ವಿಳಾಸ, ಫೋನಿನ ಅಂಕಿ ಇವನ್ನೆಲ್ಲ ಕೇಳುವ ಅರ್ಜಿ ನಮೂನೆಯು ಸ್ಪರ್ಧೆಯದಾದರೂ ಆ ಕಾಯಿದೆಯ ಮನೋಧರ್ಮಕ್ಕೆ ವಿರುದ್ಧವೇ.

ಇವೆಲ್ಲಕ್ಕಿಂತ ಗುರುತರವಾದ ಆಕ್ಷೇಪವು ತೀರ್ಪುಗಾರರನ್ನು ಕುರಿತದ್ದು. ಆಹ್ವಾನವು ಎಷ್ಟೇ ವಿಶಾಲವಾಗಿದ್ದರೂ, ಬಂದ ಸೂಚನೆಗಳನ್ನು ಆರಿಸುವ ಮಂಡಲಿಯಲ್ಲಿ ಪ್ರಾಧ್ಯಾಪಕರೂ ಅಧಿಕಾರಿಗಳೂ ಮಾತ್ರ ಕುಳಿತರೆ, ತಮಗೆ ಮೊದಲೇ ಹಿಡಿಸಿದ್ದನ್ನು ಅವರು ಜನರ ಬಾಯಿಂದ ಮತ್ತೊಮ್ಮೆ ಕೇಳಿದಂತಾಗುತ್ತದೆ. ‘ಆಸ್ಪತ್ರೆಗೆ ಕರೆಯಬೇಡಿ’ ಎಂಬ ಉತ್ತರವನ್ನು ಆಸ್ಪತ್ರೆಯ ಮೇಲಧಿಕಾರಿಯು ತಾನಾಗಿ ಮೊದಲ ಬಹುಮಾನಕ್ಕೆ ಆರಿಸುವನೆಂದು ನಾನು ನಂಬಲಾರೆ. ಮಂಡಲಿಯ ಅರ್ಧದಷ್ಟಾದರೂ ಸೇವೆಯನ್ನು ಪಡೆಯುವವರೇ ಆಗಿರತಕ್ಕದ್ದು.

ನಮ್ಮ ಜಿಲ್ಲೆಗಳಲ್ಲಿ ಎಚ್‌ಐವಿ ಔಷಧಗಳನ್ನು ಕೊಡುವ ಎಆರ್‌ಟಿ ಕೇಂದ್ರವೊಂದು ಈ ಪದ್ಧತಿಯನ್ನು ನಾಳೆ ಪ್ರಯೋಗಿಸುವುದಾದರೆ, ದೊಡ್ಡ ಸ್ಪರ್ಧೆಯ ಆಡಂಬರವನ್ನು ಬಿಟ್ಟು ಒಂದೇ ಪ್ರಶ್ನೆಯಿಂದ ಮೊದಲುಮಾಡುವುದು ಲೇಸೆಂದು ತೋರುತ್ತದೆ: ಕೂಲಿ ಕೆಡದಂತೆಯೂ ಪರಿಚಿತರ ಕಣ್ಣಿಗೆ ಬೀಳದಂತೆಯೂ ನೀವು ಮಾತ್ರೆಗಳನ್ನು ಪಡೆಯುವುದು ಹೇಗೆ ಸಾಧ್ಯ? ಉತ್ತರಗಳನ್ನು ಮತಗಟ್ಟೆಯ ಮರೆಯಲ್ಲಿ ಸಂಗ್ರಹಿಸಬಹುದು. ಬರೆಯಲಾರದವರ ಮಾತನ್ನು ಅವರ ಸಂಗಾತಿಗಳು ಬರೆದುಕೊಳ್ಳಬಹುದು. ಆದರೆ ಕರೆಯನ್ನು ಹೊರಡಿಸುವ ಮುನ್ನ ಕೇಂದ್ರದ ಅಧಿಕಾರಿಯು, ಬಾಗಿಲು ತೆರೆಯುವ ವೇಳೆ, ಸರದಿ ನಿಲ್ಲುವ ಜಾಗ, ಒಮ್ಮೆಗೆ ಎಷ್ಟು ತಿಂಗಳ ಮಾತ್ರೆ ಎಂಬಿವುಗಳಲ್ಲಿ ಯಾವುದನ್ನು ಬದಲಿಸಲು ತನಗೆ ಅಧಿಕಾರವುಂಟು, ಯಾವುದಕ್ಕೆ ಮೇಲಿನವರನ್ನು ಕೇಳಬೇಕು, ಎಷ್ಟು ದಿನಗಳೊಳಗೆ ಉತ್ತರ ಕೊಡುವೆನು ಎಂಬುದನ್ನು ಬರೆದು, ಆ ಬರಹವನ್ನು ಕರೆಯೊಡನೆಯೇ ಅಚ್ಚುಮಾಡಿಸಿ ಗೋಡೆಗೆ ಹಚ್ಚಬೇಕು.